ನಾಯಿ ಹಿಡಿಯುವವನ ನಾಯಿ

"ಗುರುಗಳೇ, ಸಾಯುತ್ತಿದ್ದ ಜೀವವೊಂದನ್ನು ಕಾಪಾಡಿದರೆ ಅದು ಕಾಪಾಡಿದವನಿಗೇ ಸೇರಬೇಕಲ್ಲವೇ?"

ಶಿಷ್ಯನ ಧ್ವನಿಯಲ್ಲಿ ಸಿಟ್ಟಿತ್ತು. ಗುರುಗಳು ಅವನ ಮುಖ ನೋಡಿದರು.

"ಯಾವ ಜೀವ?" ಎಂದು ಕೇಳಿದರು.

ಶಿಷ್ಯ ಹೇಳಿದ. ಚರಂಡಿಯಲ್ಲಿ ಬಿದ್ದಿದ್ದ ನಾಯಿಮರಿಯೊಂದನ್ನು ಅವನು ಎತ್ತಿ ತಂದಿದ್ದ. ಗಾಯಕ್ಕೆ ಅರಿಸಿನ ಹಚ್ಚಿ, ಹಾಲು ಕುಡಿಸಿ ಬದುಕಿಸಿದ್ದ. ಈಗ ಅದು ಮಠದ ಅಡುಗೆಯವನ ಹಿಂದೆ ಸುತ್ತುತ್ತಿತ್ತು. ಅವನ ಬಾಗಿಲಲ್ಲೇ ಮಲಗುತ್ತಿತ್ತು. ಶಿಷ್ಯ ಕರೆದರೆ ತಲೆಯೆತ್ತಿ ನೋಡುತ್ತಿತ್ತು, ಎದ್ದು ಬರುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಅವನು ಅದನ್ನು ಎತ್ತಿಕೊಂಡು ಬಂದು ತನ್ನ ಕೋಣೆಯಲ್ಲಿ ಕಟ್ಟಿಹಾಕಿದ್ದ. ಅಡುಗೆಯವನಿಗೂ ಅವನಿಗೂ ಮಾತಿಗೆ ಮಾತು ಬೆಳೆದಿತ್ತು.

"ನಾನಿಲ್ಲದಿದ್ದರೆ ಅದು ಆವತ್ತೇ ಸಾಯುತ್ತಿತ್ತು" ಎಂದ ಶಿಷ್ಯ.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ನಾಯಿ ಹಿಡಿಯುವವನೊಬ್ಬನಿದ್ದ. ಬೀದಿ ನಾಯಿಗಳನ್ನು ಹಿಡಿದು ಊರಾಚೆಯ ದೊಡ್ಡಿಗೆ ಒಯ್ಯುವುದು ಅವನ ಕೆಲಸ. ಯಾರಾದರೂ ಬಂದು ತಮ್ಮದೆಂದು ಹೇಳಿದರೆ ನಾಯಿಯನ್ನು ಬಿಡುತ್ತಿದ್ದರು. ಯಾರೂ ಬಾರದಿದ್ದರೆ ಮರುದಿನ ಕೊಲ್ಲುತ್ತಿದ್ದರು. ಕೊಲ್ಲುವ ಕೆಲಸ ಅವನದಲ್ಲ. ಆದರೆ ಊರಿನವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಅವನ ಗಾಡಿಯ ಸದ್ದು ಕೇಳಿದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಅವನಿಗೆ ಹೆಣ್ಣು ಕೊಡಲು ಯಾರೂ ಒಪ್ಪಿರಲಿಲ್ಲ. ಊರಿನ ತುದಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿ ಅವನೊಬ್ಬನೇ ಇದ್ದ.

ನಾಯಿಗಳಿಗಂತೂ ಅವನ ವಾಸನೆ ದೂರದಿಂದಲೇ ತಿಳಿಯುತ್ತಿತ್ತು. ಅವನು ಬೀದಿಗೆ ಕಾಲಿಟ್ಟರೆ ಇಡೀ ಬೀದಿ ಬೊಗಳುತ್ತಿತ್ತು. ಕೈಯಲ್ಲಿ ಹಗ್ಗದ ಕುಣಿಕೆ ಕಂಡರೆ ಸಾಕು, ದಿಕ್ಕಾಪಾಲಾಗಿ ಓಡುತ್ತಿದ್ದವು. ಬೆನ್ನಟ್ಟಿ, ಮೂಲೆಗೆ ಒತ್ತಿ, ಕಚ್ಚಿಸಿಕೊಂಡು ಹಿಡಿಯಬೇಕಾಗುತ್ತಿತ್ತು. ಅವನ ಎರಡೂ ಮುಂಗೈಗಳಲ್ಲಿ ಹಲ್ಲಿನ ಗುರುತುಗಳಿದ್ದವು.

ಒಂದು ಬೆಳಿಗ್ಗೆ ಪೇಟೆಯ ಹಿಂದಿನ ಓಣಿಯಲ್ಲಿ ಅವನು ನಾಯಿಗಳನ್ನು ಹಿಡಿಯುತ್ತಿದ್ದ. ಎಲ್ಲವೂ ಓಡಿದವು. ಒಂದು ಕಂದು ನಾಯಿ ಮಾತ್ರ ಓಡಲಿಲ್ಲ. ಅದು ಅವನ ಕೈಯಲ್ಲಿದ್ದ ಹಗ್ಗವನ್ನು ನೋಡಿತು. ಬಾಲ ಅಲ್ಲಾಡಿಸುತ್ತ ನಡೆದು ಬಂತು. ಅವನ ಎದುರು ನಿಂತು, ಹಗ್ಗ ಹಾಕಲೆಂದು ಕುತ್ತಿಗೆ ಮುಂದೆ ಚಾಚಿತು.

ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಷ್ಟು ವರ್ಷಗಳಲ್ಲಿ ಯಾವ ನಾಯಿಯೂ ತಾನಾಗಿ ಅವನ ಬಳಿ ಬಂದಿರಲಿಲ್ಲ. ಅವನು ಕುಣಿಕೆ ಹಾಕಿದ. ನಾಯಿ ಅವನ ಕೈ ನೆಕ್ಕಿತು. ಅವನು ಅದನ್ನು ಗಾಡಿಗೆ ಹತ್ತಿಸಲಿಲ್ಲ. ಗಾಡಿಯಲ್ಲಿ ಆಗಲೇ ಇದ್ದ ನಾಯಿಗಳನ್ನು ದೊಡ್ಡಿಗೆ ಒಪ್ಪಿಸಿ, ಇದನ್ನು ಮನೆಗೆ ಕರೆದುಕೊಂಡು ಹೋದ.

ನಾಯಿ ಮೊದಮೊದಲು ಬಾಗಿಲ ಕಡೆ ನೋಡುತ್ತ ಕುಳಿತಿರುತ್ತಿತ್ತು. ಅವನು ತನ್ನ ಊಟದಲ್ಲಿ ಅರ್ಧ ಅದಕ್ಕೆ ಹಾಕಿದ. ಮೈಯಲ್ಲಿದ್ದ ಉಣ್ಣೆಹುಳುಗಳನ್ನು ಒಂದೊಂದಾಗಿ ಕಿತ್ತ. ಗುಡುಗಿದಾಗ ಅದು ನಡುಗಿದರೆ ಪಕ್ಕದಲ್ಲಿ ಕುಳಿತು ಹೊಟ್ಟೆಯ ಮೇಲೆ ಕೈಯಿಟ್ಟ. ನಿಧಾನವಾಗಿ ಅದು ಅವನಿಗೆ ಹೊಂದಿಕೊಂಡಿತು. ಅವನು ಕೆಲಸ ಮುಗಿಸಿ ಬರುವ ಹೊತ್ತಿಗೆ ಹೊಸ್ತಿಲಲ್ಲಿ ನಿಂತಿರುತ್ತಿತ್ತು. ಮನೆಯೊಳಗೆ ಒಂದು ಜೀವ ತನಗಾಗಿ ಕಾಯುತ್ತಿದೆ ಎಂಬುದು ಅವನಿಗೆ ಹೊಸದು. ದಾರಿಯಲ್ಲಿ ಅವನ ನಡಿಗೆ ಬಿರುಸಾಗತೊಡಗಿತು.

ಅದನ್ನು ಹೊರಗೆ ಕರೆದೊಯ್ದಾಗ ಒಂದು ವಿಚಿತ್ರ ನಡೆಯುತ್ತಿತ್ತು. ಅದು ಅವನ ಎಡಗಡೆಯಲ್ಲಿ, ಹಗ್ಗ ಬಿಗಿಯಾಗುವಷ್ಟು ಮಾತ್ರ ಮುಂದೆ ನಡೆಯುತ್ತಿತ್ತು. ಮೆಟ್ಟಿಲು ಬಂದರೆ ನಿಲ್ಲುತ್ತಿತ್ತು. ಗಟಾರ ಬಂದರೆ ನಿಂತು, ಅವನು ದಾಟಿದ ಮೇಲೆಯೇ ಮುಂದೆ ಹೆಜ್ಜೆಯಿಡುತ್ತಿತ್ತು. ಎತ್ತಿನ ಗಾಡಿ ಎದುರಾದರೆ ಅವನ ಕಾಲಿಗೆ ಅಡ್ಡ ನಿಂತು ಗೋಡೆಯ ಕಡೆ ಒತ್ತುತ್ತಿತ್ತು. ಅವನು ನಕ್ಕು, "ನನ್ನನ್ನು ಏನೆಂದು ತಿಳಿದಿದ್ದೀಯೆ?" ಎಂದು ಕೇಳುತ್ತಿದ್ದ.

ಆ ಪ್ರಶ್ನೆಗೆ ಉತ್ತರ ಒಂದು ಮಧ್ಯಾಹ್ನ ದೊಡ್ಡಿಯ ಬಾಗಿಲಿಗೇ ಬಂತು. ಕಣ್ಣಿಲ್ಲದ ಮುದುಕಿಯೊಬ್ಬಳು ನೆರೆಮನೆಯ ಹೆಂಗಸಿನ ಭುಜ ಹಿಡಿದು ಬಂದು ನಿಂತಳು. ಅವಳು ಮನೆಯಲ್ಲಿ ಹತ್ತಿಯ ಬತ್ತಿ ಹೊಸೆದು ದೇವಸ್ಥಾನದ ಬಾಗಿಲಲ್ಲಿ ಮಾರುತ್ತಿದ್ದವಳು. ಕೈಯಲ್ಲಿ ಒಂದು ಹಳೆಯ ಹಗ್ಗವಿತ್ತು.

"ನನ್ನ ನಾಯಿ ಇಲ್ಲಿಗೆ ಬಂದಿದೆಯೇನಪ್ಪಾ?" ಎಂದು ಕೇಳಿದಳು.

"ಯಾವ ಬಣ್ಣದ್ದು?"

"ಕಂದು ಎಂದು ಜನ ಹೇಳುತ್ತಾರೆ. ನಾನು ಕಂಡಿಲ್ಲ. ಎಡಗಿವಿ ಮಡಚಿದೆ, ಅದು ನನಗೆ ಗೊತ್ತು. ಕಸದ ಗುಂಡಿಯಲ್ಲಿ ಯಾರೋ ಚೀಲ ಕಟ್ಟಿ ಎಸೆದಿದ್ದರು. ಕುಂಯ್‌ಗುಡುವುದು ಕೇಳಿ ನಾನೇ ಎತ್ತಿಕೊಂಡು ಬಂದು ಸಾಕಿದೆ. ಈಗ ಅದೇ ನನ್ನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತದೆ. ಕೊಂಚ ಹೊತ್ತು ಬಿಚ್ಚಿ ಬಿಟ್ಟಿದ್ದೆ, ಹೋದದ್ದು ಬರಲಿಲ್ಲ. ಈ ದೊಡ್ಡಿಯ ವಿಷಯ ಇವತ್ತಷ್ಟೇ ಇವಳು ಹೇಳಿದಳು."

ಅವನಿಗೆ ಎಲ್ಲವೂ ಅರ್ಥವಾಯಿತು. ಹಗ್ಗ ಕಂಡು ಅದು ತನ್ನ ಬಳಿಗೆ ಏಕೆ ಬಂತು, ಮೆಟ್ಟಿಲಲ್ಲಿ ಏಕೆ ನಿಲ್ಲುತ್ತದೆ, ಎಲ್ಲವೂ. ಅದು ತನ್ನನ್ನು ನಂಬಿ ಬಂದಿರಲಿಲ್ಲ. ಕೆಲಸಕ್ಕೆ ಕರೆದರೆಂದು ಬಂದಿತ್ತು.

"ಅಂಥದ್ದು ಇಲ್ಲಿಗೆ ಬಂದಿಲ್ಲ ಅಜ್ಜಿ" ಎಂದ.

ಸುಳ್ಳು ಹೇಳಬೇಕೆಂದು ಅವನು ಯೋಚಿಸಿರಲಿಲ್ಲ. ಮಾತು ಬಾಯಿಂದ ಹೊರಬಿದ್ದಿತ್ತು.

ಮುದುಕಿ ಹೋಗಲಿಲ್ಲ. "ಕೊಂದಿದ್ದರೆ ಕೊಂದೆವು ಎಂದು ಹೇಳಿಬಿಡಪ್ಪಾ. ಬಾಗಿಲಲ್ಲಿ ನಿಂತು ಕರೆಯುವುದನ್ನು ನಿಲ್ಲಿಸುತ್ತೇನೆ" ಎಂದಳು.

"ಕೊಂದಿಲ್ಲ" ಎಂದ ಅವನು. ಆ ಒಂದು ಮಾತು ನಿಜವಾಗಿತ್ತು.

"ಹಾಗಾದರೆ ಎಲ್ಲೋ ಬದುಕಿದೆ" ಎಂದಳು. ನೆರೆಯವಳ ಭುಜ ಹಿಡಿದು ಹೊರಟುಹೋದಳು.

ಆ ಸಂಜೆ ಅವನು ನಾಯಿಯ ಎದುರು ಕುಳಿತು ತನ್ನಷ್ಟಕ್ಕೆ ವಾದ ಮಾಡಿದ. ದೊಡ್ಡಿಗೆ ಒಪ್ಪಿಸಿದ್ದರೆ ಮುದುಕಿ ಬರುವ ಮುಂಚೆಯೇ ಇದು ಸತ್ತಿರುತ್ತಿತ್ತು. ಬೇರೆಯವರ ಕೈಗೆ ಸಿಕ್ಕಿದ್ದರೂ ಸಾಯುತ್ತಿತ್ತು. ಬದುಕಿಸಿದವನು ತಾನು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಅವನಿಗೆ ಊಟ ಸೇರಲಿಲ್ಲ. ನಾಯಿ ಅವನ ತಟ್ಟೆಯನ್ನೂ ಅವನ ಮುಖವನ್ನೂ ನೋಡುತ್ತ ಕುಳಿತಿತ್ತು.

ಕೆಲವು ದಿನಗಳ ನಂತರ ಅವನು ಮುದುಕಿಯನ್ನು ಪೇಟೆಯ ಬೀದಿಯಲ್ಲಿ ಕಂಡ. ನೆರೆಯವಳಿಗೆ ಪುರುಸೊತ್ತಿಲ್ಲದೆ ಅವಳು ಕೋಲು ಹಿಡಿದು ಒಬ್ಬಳೇ ಹೊರಟಿದ್ದಳು. ಗಟಾರದ ಅಂಚಿನಲ್ಲಿ ಕಾಲು ಜಾರಿ ಬಿದ್ದಿದ್ದಳು. ಮೊಣಕಾಲು ಒಡೆದು ರಕ್ತ ಸುರಿಯುತ್ತಿತ್ತು. ಬುಟ್ಟಿಯಲ್ಲಿದ್ದ ಬತ್ತಿಗಳೆಲ್ಲ ಕೆಸರಿನಲ್ಲಿ ಬಿದ್ದಿದ್ದವು. ಅವಳು ಅವುಗಳನ್ನು ಕೈಯಿಂದ ತಡವಿ ಹುಡುಕುತ್ತಿದ್ದಳು. ಕೆಸರಾದ ಬತ್ತಿ ಯಾರಿಗೂ ಬೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವನು ಅವಳನ್ನು ಎತ್ತಿ ನಿಲ್ಲಿಸಿದ. ಗಾಯ ತೊಳೆದ. ಮನೆಗೆ ಕರೆದುಕೊಂಡು ಹೋದ.

"ಯಾರಪ್ಪಾ ನೀನು?" ಎಂದು ಅವಳು ಕೇಳಿದಳು.

"ದಾರಿಯಲ್ಲಿ ಹೋಗುತ್ತಿದ್ದೆ. ನಾಳೆಯಿಂದ ನಾನೇ ಬಂದು ನಿಮ್ಮನ್ನು ದೇವಸ್ಥಾನಕ್ಕೆ ಬಿಡುತ್ತೇನೆ ಅಜ್ಜಿ."

ಮುದುಕಿ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಮುಂಗೈಯ ಮೇಲೆ ಬೆರಳಾಡಿಸಿದಳು. ಆಮೇಲೆ, "ಆಗಲಪ್ಪಾ" ಎಂದಳು.

ಅಂದಿನಿಂದ ಅವನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಅವಳ ಕೈ ಹಿಡಿದು ದೇವಸ್ಥಾನದ ಬಾಗಿಲಿಗೆ ಬಿಡುತ್ತಿದ್ದ. ಮಧ್ಯಾಹ್ನ ಮನೆಗೆ ತಲುಪಿಸುತ್ತಿದ್ದ. ದಾರಿಯುದ್ದಕ್ಕೂ ಅವಳು ಮಾತಾಡುತ್ತಿದ್ದಳು. ಸತ್ತ ಗಂಡನ ವಿಷಯ, ಹತ್ತಿಯ ವಿಷಯ, ಯಾವ ಭಕ್ತರು ಚೌಕಾಸಿ ಮಾಡುತ್ತಾರೆ ಎಂಬ ವಿಷಯ. ನಾಯಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮರೆತಿರಬೇಕು ಎಂದು ಅವನು ಅಂದುಕೊಂಡ. ಮರೆತರೆ ಒಳ್ಳೆಯದು ಎಂದೂ ಅಂದುಕೊಂಡ.

ಒಮ್ಮೆ ಅವಳು, "ನಿನ್ನ ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದಳು.

"ಯಾರೂ ಇಲ್ಲ."

ಅವಳು ಮನೆಗೆ ಬಂದ ಮೇಲೆ ಒಳಗೆ ಹೋಗಿ ಎರಡು ರೊಟ್ಟಿ ತಂದು ಕೊಟ್ಟಳು. ಒಂದಕ್ಕೆ ಖಾರದ ಚಟ್ನಿ ಹಚ್ಚಿತ್ತು. ಇನ್ನೊಂದು ಬರಿಯ ರೊಟ್ಟಿ, ಉಪ್ಪು ಕೂಡ ಇರಲಿಲ್ಲ.

"ಈ ಸಪ್ಪೆ ರೊಟ್ಟಿ ಯಾರಿಗೆ ಅಜ್ಜಿ?"

"ಯಾರಿಗಾದರೂ ಹಾಕು" ಎಂದಳು.

ಅಂದಿನಿಂದ ತಪ್ಪದೆ ಎರಡು ರೊಟ್ಟಿ ಕೊಡುತ್ತಿದ್ದಳು. ಅವನು ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಯೋಚಿಸಲು ಅವನಿಗೆ ಭಯವಿತ್ತು.

ಇತ್ತ ಮನೆಯಲ್ಲಿ ನಾಯಿಯ ನೆಮ್ಮದಿ ಹೋಗಿತ್ತು. ಮೊದಲ ದಿನ ಮುದುಕಿಯನ್ನು ಕೈ ಹಿಡಿದು ಬಿಟ್ಟು ಬಂದಾಗಲೇ ಅದು ಅವನ ಅಂಗೈಯನ್ನು ಮೂಸಿತು. ಮತ್ತೆ ಮತ್ತೆ ಮೂಸಿತು. ಅವನನ್ನು ದಾಟಿ ಬಾಗಿಲಿಗೆ ಓಡಿತು. ಹೊರಗೆ ಯಾರೂ ಇರಲಿಲ್ಲ. ತಿರುಗಿ ಬಂದು ಅವನ ಮುಖ ನೋಡಿತು.

ಮರುದಿನದಿಂದ ಅವನು ಕೈ ತೊಳೆದುಕೊಂಡು ಮನೆಗೆ ಹೋಗತೊಡಗಿದ. ಅಂಗಿ ಬದಲಾಯಿಸಿ ನೋಡಿದ. ಪ್ರಯೋಜನವಾಗಲಿಲ್ಲ. ನಾಯಿಗೆ ತಿಳಿಯುತ್ತಿತ್ತು. ಅವನು ಹೊರಗೆ ಹೊರಟರೆ ತಾನೂ ಹೊರಡುತ್ತಿತ್ತು. ಅವನು ಅದನ್ನು ಒಳಗೆ ತಳ್ಳಿ ಅಗುಳಿ ಹಾಕಿ ಹೋಗುತ್ತಿದ್ದ. ಹಿಂದಿರುಗಿದಾಗ ಬಾಗಿಲ ಹಲಗೆಯ ಮೇಲೆ ಕೆರೆದ ಗೆರೆಗಳಿರುತ್ತಿದ್ದವು. ಬರಬರುತ್ತ ಆ ಗೆರೆಗಳಲ್ಲಿ ರಕ್ತವೂ ಕಾಣತೊಡಗಿತು.

ಅದು ಅವನು ಹಾಕಿದ್ದನ್ನು ತಿನ್ನುವುದು ಬಿಟ್ಟಿತು. ಅನ್ನ ಬಿಟ್ಟಿತು, ಹಾಲು ಬಿಟ್ಟಿತು. ಮುದುಕಿಯ ಸಪ್ಪೆ ರೊಟ್ಟಿಯೊಂದನ್ನು ಮಾತ್ರ ತಿನ್ನುತ್ತಿತ್ತು. ಅದನ್ನೂ ಕೂಡಲೇ ತಿನ್ನುತ್ತಿರಲಿಲ್ಲ. ಮುಂಗಾಲುಗಳ ನಡುವೆ ಇಟ್ಟುಕೊಂಡು, ಅದರ ಮೇಲೆ ಮೂತಿಯಿಟ್ಟು ಬಹಳ ಹೊತ್ತು ಮಲಗಿರುತ್ತಿತ್ತು.

ನಾಳೆ ಒಪ್ಪಿಸಿಬಿಡುತ್ತೇನೆ ಎಂದು ಅವನು ನಿಶ್ಚಯಿಸುತ್ತಿದ್ದ. ನಾಳೆ ಬಂದಾಗ ಏನಾದರೊಂದು ಕಾರಣ ಸಿಗುತ್ತಿತ್ತು. ಒಪ್ಪಿಸಿದರೆ ಮುದುಕಿಗೆ ತನ್ನ ಸುಳ್ಳು ತಿಳಿಯುತ್ತದೆ. ಅವಳು ಮತ್ತೆ ತನ್ನ ಕೈ ಹಿಡಿಯುವುದಿಲ್ಲ. ನಾಯಿಯೂ ಹೋಗುತ್ತದೆ, ಅವಳೂ ಹೋಗುತ್ತಾಳೆ. ಆ ಊರಿನಲ್ಲಿ ಅವನನ್ನು "ಅಪ್ಪಾ" ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ.

ಚಳಿಗಾಲದಲ್ಲಿ ಮುದುಕಿಗೆ ಜ್ವರ ಬಂತು. ಚಾಪೆ ಹಿಡಿದಳು. ಒಲೆ ಹೊತ್ತಿಸುವ ಶಕ್ತಿ ಇರಲಿಲ್ಲ. ಅವನೇ ಗಂಜಿ ಕಾಯಿಸಿ ಕುಡಿಸಿದ, ಔಷಧಿ ತಂದುಕೊಟ್ಟ. ಆದರೆ ರೊಟ್ಟಿ ತಟ್ಟುವವರು ಇರಲಿಲ್ಲ. ನೆರೆಯವಳಿಂದ ಸಪ್ಪೆ ರೊಟ್ಟಿ ಮಾಡಿಸಿಕೊಂಡು ಹೋಗಿ ನಾಯಿಯ ಮುಂದಿಟ್ಟ. ಅದು ಮೂಸಿ ಮುಖ ತಿರುಗಿಸಿತು. ತಾನೇ ತಟ್ಟಿದ. ಅದನ್ನೂ ತಿನ್ನಲಿಲ್ಲ. ಪಕ್ಕೆಲುಬುಗಳು ಎದ್ದು ಕಾಣತೊಡಗಿದವು. ಅವನು ಬಂದಾಗ ಹೊಸ್ತಿಲಿಗೆ ಬರುವುದೂ ನಿಂತಿತು. ಮಲಗಿದಲ್ಲೇ ಬಾಲದ ತುದಿಯನ್ನು ನೆಲಕ್ಕೆ ಬಡಿಯುತ್ತಿತ್ತು.

ಒಂದು ಬೆಳಿಗ್ಗೆ ಅದಕ್ಕೆ ಎದ್ದು ನಿಲ್ಲಲು ಆಗಲಿಲ್ಲ. ಮುಂಗಾಲು ಊರಿ ಎದ್ದು ಮತ್ತೆ ಕುಸಿಯಿತು. ಅವನು ಅದನ್ನು ನೋಡುತ್ತ ನಿಂತ. ಆಮೇಲೆ ಕಂಬಳಿಯಲ್ಲಿ ಸುತ್ತಿ ಎರಡೂ ಕೈಗಳಲ್ಲಿ ಎತ್ತಿಕೊಂಡ. ನಾಯಿ ಹಿಡಿಯುವವನು ನಾಯಿಯನ್ನು ಮಗುವಿನಂತೆ ಹೊತ್ತು ಹೋಗುವುದನ್ನು ಬೀದಿಯ ಜನ ನಿಂತು ನೋಡಿದರು. ಅವನು ಯಾರನ್ನೂ ನೋಡಲಿಲ್ಲ.

ಮುದುಕಿ ಚಾಪೆಯ ಮೇಲೆ ಮಲಗಿದ್ದಳು. ಜ್ವರ ಇಳಿದಿತ್ತು. ಅವನ ಹೆಜ್ಜೆಯ ಸದ್ದು ಕೇಳಿ ತಲೆ ಹೊರಳಿಸಿದಳು. ಅವನು ನಾಯಿಯನ್ನು ಅವಳ ಪಕ್ಕದಲ್ಲಿ ಇಳಿಸಿದ.

ಮುದುಕಿ ಎದ್ದು ಕುಳಿತು ಕೈ ಚಾಚಿದಳು. ಮಡಚಿದ ಕಿವಿ ಸಿಕ್ಕಿತು. "ಕರೆತಂದೆಯಾ" ಎಂದಳು. ಅವಳ ಧ್ವನಿಯಲ್ಲಿ ಆಶ್ಚರ್ಯವಿರಲಿಲ್ಲ. ಕೈ ಕಿವಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಪಕ್ಕೆಲುಬುಗಳ ಮೇಲೆ ಬಂದು ನಿಂತಿತು. ಒಂದೊಂದೇ ಎಲುಬನ್ನು ಮುಟ್ಟಿದಳು.

"ನಾನು ಕೊಟ್ಟ ರೊಟ್ಟಿ ಇದಕ್ಕೆ ಸೇರುತ್ತಿರಲಿಲ್ಲವೇ?" ಎಂದಳು.

ಅವನು ನೆಲದ ಮೇಲೆ ಕುಳಿತ.

"ಸೇರುತ್ತಿತ್ತು. ಅದೊಂದೇ ಸೇರುತ್ತಿತ್ತು. ಅಜ್ಜಿ, ನಿಮಗೆ ಗೊತ್ತಿತ್ತೇ?"

"ನಾನು ಗಟಾರದಲ್ಲಿ ಬಿದ್ದ ದಿನ ನೀನು ಬಾಯಿ ತೆರೆದಾಗಲೇ ಗೊತ್ತಾಯಿತು. ದೊಡ್ಡಿಯ ಬಾಗಿಲಲ್ಲಿ ಕೇಳಿದ ಧ್ವನಿ. ನಿನ್ನ ಮೈಯಲ್ಲಿ ಇದರ ವಾಸನೆ. ಅಂಗಿಗೆ ಅಂಟಿದ ಕೂದಲು ಕೂಡ ನನ್ನ ಬೆರಳಿಗೆ ಸಿಕ್ಕಿತ್ತು."

"ಮತ್ತೆ ಯಾಕೆ ಕೇಳಲಿಲ್ಲ? ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ."

"ಕೊಡುತ್ತಿದ್ದೆ, ನಿಜ. ಕೊಟ್ಟ ಮೇಲೆ ನೀನು ಬರುತ್ತಿರಲಿಲ್ಲ" ಎಂದಳು ಮುದುಕಿ. ಅವಳ ಕೈ ನಾಯಿಯ ಮೈಮೇಲೆಯೇ ಇತ್ತು. "ಇದು ನನಗೆ ದಾರಿ ತೋರಿಸುತ್ತಿತ್ತು ಮಗನೇ, ಮಾತಾಡುತ್ತಿರಲಿಲ್ಲ. ಗಂಡ ಸತ್ತ ಮೇಲೆ ನನ್ನ ಹತ್ತಿರ ಯಾರೂ ಕುಳಿತು ಮಾತಾಡಿರಲಿಲ್ಲ. ಇದು ನಿನ್ನ ಹತ್ತಿರ ಸುಖವಾಗಿದೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೂ ಬೇಕಾಗಿತ್ತು."

ಅವನು ಅತ್ತ. ಅವಳು ಅಳಲಿಲ್ಲ. ನಾಯಿ ಅವಳ ಮಣಿಕಟ್ಟನ್ನು ನೆಕ್ಕಿತು. ಆಮೇಲೆ ಕತ್ತು ಎತ್ತಿ ಅವನ ಕಡೆ ನೋಡಿತು. ಅವನ ಕಡೆ ತೆವಳಲು ಹೊರಟಿತು, ಆಗಲಿಲ್ಲ. ಅವನೇ ಹತ್ತಿರ ಸರಿದ. ಅದು ತಲೆಯನ್ನು ಮುದುಕಿಯ ಮಡಿಲಲ್ಲಿಟ್ಟು, ಹಿಂಗಾಲುಗಳನ್ನು ಅವನ ತೊಡೆಗೆ ಒತ್ತಿ ಮಲಗಿತು.

ಮುದುಕಿ ಗೋಡೆ ಹಿಡಿದು ಎದ್ದಳು. ಅವನು ಒಲೆ ಹೊತ್ತಿಸಿದ. ಅವಳು ಹಿಟ್ಟು ಕಲಸಿದಳು, ರೊಟ್ಟಿ ತಟ್ಟಿದಳು. ಆರಿಸಿ, ಚೂರು ಮಾಡಿ, ಬಾಯಿಯ ಬಳಿ ಹಿಡಿದಳು. ನಾಯಿ ಒಂದು ಚೂರು ತೆಗೆದುಕೊಂಡಿತು. ನುಂಗಲು ಅದಕ್ಕೆ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು. ನಿಂತದ್ದು ಮೊದಲು ತಿಳಿದದ್ದು ಮುದುಕಿಗೆ. ಅವನು ಇನ್ನೂ ಅದರ ಕಾಲನ್ನು ನೀವುತ್ತಿದ್ದ. ಅವಳು ಅವನ ಕೈಯನ್ನು ಹಿಡಿದು ನಿಲ್ಲಿಸಿದಳು.

ಮನೆಯ ಹಿಂದೆ ಅವನು ಗುಂಡಿ ತೋಡಿದ. ಇಬ್ಬರೂ ಸೇರಿ ಮಣ್ಣು ಮುಚ್ಚಿದರು.

ಅವನು ನಾಯಿ ಹಿಡಿಯುವ ಕೆಲಸ ಬಿಟ್ಟು ಪೇಟೆಯಲ್ಲಿ ಮೂಟೆ ಹೊರತೊಡಗಿದ. ಮುದುಕಿ ಚೇತರಿಸಿಕೊಂಡಳು. ಅವನು ಮೊದಲಿನಂತೆಯೇ ಅವಳ ಕೈ ಹಿಡಿದು ದೇವಸ್ಥಾನಕ್ಕೆ ಬಿಡುತ್ತಿದ್ದ, ಮೊದಲಿನಂತೆಯೇ ಮನೆಗೆ ತಲುಪಿಸುತ್ತಿದ್ದ. ಎಂಥ ಮಗ ಎಂದು ಭಕ್ತರು ಹೊಗಳುತ್ತಿದ್ದರು. ಯಾವ ಜೊತೆಗಾಗಿ ಸುಮ್ಮನಿದ್ದು ಅವರು ನಾಯಿಯನ್ನು ಕಳೆದುಕೊಂಡರೋ ಆ ಜೊತೆ ಅವರಿಗೆ ಉಳಿದಿತ್ತು. ಮಾತು ಮಾತ್ರ ಉಳಿದಿರಲಿಲ್ಲ. ಅವಳು ದಾರಿಯಲ್ಲಿ ಏನನ್ನೂ ಹೇಳುತ್ತಿರಲಿಲ್ಲ. ಅವನು ಏನನ್ನೂ ಕೇಳುತ್ತಿರಲಿಲ್ಲ. ಮುದುಕಿ ಸಾಯುವವರೆಗೂ ಹಾಗೆಯೇ ನಡೆದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಕುಳಿತಿದ್ದ. ತಲೆಯೆತ್ತಿ ಕೇಳಿದ:

"ಕಸದ ಗುಂಡಿಯಿಂದ ಎತ್ತಿದವಳು ಅವಳು. ಸಾವಿನ ಬಾಯಿಂದ ತಪ್ಪಿಸಿದವನು ಅವನು. ಕೊನೆಗೂ ಆ ನಾಯಿ ಯಾರದು, ಗುರುಗಳೇ?"

"ಅದು ಯಾರದೋ ನನಗೆ ತಿಳಿಯದು, ಅವರಿಬ್ಬರೂ ಅದರವರಾಗಿದ್ದರು" ಎಂದರು ಗುರುಗಳು.